ಹಾವು ಕಚ್ಚಿದಾಗ ಮಂತ್ರ ಫಲಿಸಿದಂತೆ ತೋರುವುದೇಕೆ?

ಶ್ರಾವಣ ಸಮೀಪಿಸಿತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಪಂಚಮಿಯ ಸಡಗರ. ಎಳ್ಳುಂಡಿ, ಶೇಂಗಾ ಉಂಡಿ, ತಂಬಿಟ್ಟುಗಳ ಪರಿಮಳ ಅಡುಗೆಮನೆಯಿಂದ ಓಣಿಗೆ ಹರಡುತ್ತದೆ. ತವರಿಗೆ ಬಂದ ಹೆಣ್ಣುಮಕ್ಕಳು ಜೋಕಾಲಿ ಜೀಕುತ್ತಾರೆ. ಇದೇ ದಿನಗಳಲ್ಲಿ ಹೊಲಗಳಲ್ಲಿ ಕಳೆ ತೆಗೆಯುವ ಕೆಲಸ ಭರದಿಂದ ಸಾಗಿರುತ್ತದೆ. ಮಳೆಯ ನೀರು ಬಿಲಗಳಿಗೆ ನುಗ್ಗಿ ಹಾವುಗಳು ಹೊರಬೀಳುವುದೂ, ಇಲಿ ಕಪ್ಪೆಗಳನ್ನು ಅರಸುತ್ತ ಬದುವಿಗೂ ಬಣವೆಗೂ ಮನೆಯ ಹಿತ್ತಿಲಿಗೂ ಬರುವುದೂ ಇದೇ ಕಾಲದಲ್ಲಿ. ಹಾವನ್ನು ಪೂಜಿಸುವ ತಿಂಗಳೂ ಹಾವಿಗೆ ಬಲಿಯಾಗುವ ತಿಂಗಳೂ ಒಂದೇ ಆಗಿರುವುದು ವಿಚಿತ್ರ. ನಮ್ಮ ದೇಶದಲ್ಲಿ 2000ರಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ ಜನ, ಪ್ರಾಣ ಕಳೆದುಕೊಂಡರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಜನ ಸತ್ತದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಹೆಚ್ಚಿನವರು ಹಳ್ಳಿಯವರು, ಸಾವು ಸಂಭವಿಸಿದ್ದು ಬಹುಪಾಲು ಮನೆಯಲ್ಲಿ, ಆಸ್ಪತ್ರೆಯಲ್ಲಿ ಅಲ್ಲ. ಈ ಕೊನೆಯ ಮಾತನ್ನು ಓದುಗರು ದಯವಿಟ್ಟು ಎರಡು ಸಲ ಓದಬೇಕು.

ಹಾವಿನ ಸುತ್ತ ನಮ್ಮ ಜನರಲ್ಲಿರುವ ಕುತೂಹಲಗಳು ಹಲವು. ಚಿಕ್ಕವುಗಳನ್ನು ಮೊದಲು ಮುಗಿಸಿಬಿಡೋಣ.

ಹಾವು ಹಾಲು ಕುಡಿಯುತ್ತದೆಯೇ? ಇಲ್ಲ. ಅದು ಮಾಂಸಾಹಾರಿ, ಇಲಿ, ಕಪ್ಪೆ, ಹಲ್ಲಿ, ಹಕ್ಕಿಯ ಮೊಟ್ಟೆ ಇವು ಅದರ ಆಹಾರ. ಹಾಲು ಮೊಲೆಯುಣ್ಣುವ ಪ್ರಾಣಿಗಳ ಮರಿಗಳಿಗಾಗಿ ಪ್ರಕೃತಿ ಮಾಡಿದ ಏರ್ಪಾಡು, ಸರೀಸೃಪಗಳಿಗೆ ಅದರ ಅಗತ್ಯವೇ ಇಲ್ಲ. ಪಂಚಮಿಯ ದಿನ ಹಾವಾಡಿಗನ ಬುಟ್ಟಿಯಲ್ಲಿರುವ ನಾಗರ ಹಾಲಿಗೆ ಬಾಯಿ ಹಾಕುವುದುಂಟು. ಹಲವು ದಿನ ನೀರಿಲ್ಲದೆ ಬಾಯಾರಿದ ಜೀವ ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿದೀತು. ಆ ಹಾಲು ಶ್ವಾಸಕೋಶಕ್ಕೆ ಹೋಗಿ ಹಾವು ಸಾಯುವುದೂ ಉಂಟು. ಕಲ್ಲಿನ ಹಾವಿಗೂ ಜೀವಂತ ಹಾವಿಗೂ ನಾವು ತೋರುವ ಎರಡು ಬಗೆಯ ನಡವಳಿಕೆಯನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಪ್ರಶ್ನಿಸಿದ್ದು ಈ ಪತ್ರಿಕೆಯ ಓದುಗರಿಗೆ ಹೊಸದಲ್ಲ. ಪಂಚಮಿಯ ಹಾಲನ್ನು ಹುತ್ತಕ್ಕೆರೆಯದೆ ಮಕ್ಕಳಿಗೆ ಕುಡಿಸುವ ಪದ್ಧತಿಯನ್ನು ಹಲವು ಮಠಗಳು ನಡೆಸಿಕೊಂಡು ಬರುತ್ತಿರುವುದು ಸಂತೋಷದ ಸಂಗತಿ.

ಪುಂಗಿಯ ನಾದಕ್ಕೆ ಹಾವು ಆಡುತ್ತದೆಯೇ? ಹಾವಿಗೆ ಹೊರಕಿವಿಯೂ ಇಲ್ಲ, ಕಿವಿದಮಟೆಯೂ ಇಲ್ಲ. ಒಳಗಿವಿಯೊಂದು ದವಡೆಯ ಮೂಳೆಗೆ ಹೊಂದಿಕೊಂಡಿದ್ದು, ನೆಲದ ಕಂಪನಗಳನ್ನು ಚೆನ್ನಾಗಿಯೂ ಗಾಳಿಯಲ್ಲಿ ಬರುವ ತಗ್ಗುದನಿಗಳನ್ನು ಸ್ವಲ್ಪಮಟ್ಟಿಗೂ ಗ್ರಹಿಸುತ್ತದೆ. ಹಾವಾಡಿಗನ ಮುಂದೆ ಹೆಡೆ ತೂಗುವ ನಾಗರ ಸಂಗೀತವನ್ನು ಸವಿಯುತ್ತಿರುವುದಿಲ್ಲ. ಎದುರಿನಲ್ಲಿ ಅತ್ತಿಂದಿತ್ತ ಚಲಿಸುವ ಪುಂಗಿಯ ಮೇಲೆ ಕಣ್ಣಿಟ್ಟು ತನ್ನನ್ನು ಕಾಯ್ದುಕೊಳ್ಳುತ್ತಿರುತ್ತದೆ, ಅಷ್ಟೆ. ರಾತ್ರಿ ಹೊಲದ ದಾರಿಯಲ್ಲಿ ಕೋಲಿನಿಂದ ನೆಲ ಕುಟ್ಟುತ್ತ ನಡೆಯುತ್ತಿದ್ದ ಹಿರಿಯರ ರೂಢಿ ಮಾತ್ರ ವಿಜ್ಞಾನಕ್ಕೆ ಒಪ್ಪುವಂಥದು.

ಇನ್ನು ಹಾವಿನ ಸೇಡು. ಹನ್ನೆರಡು ವರ್ಷ ದ್ವೇಷ ಸಾಧಿಸುವಷ್ಟು ನೆನಪು, ಮುಖದ ಗುರುತು ಹಿಡಿಯುವ ಶಕ್ತಿ ಆ ಪುಟ್ಟ ಮಿದುಳಿಗಿಲ್ಲ. ಕೇರೆಹಾವುಗಳೆರಡು ಹೆಣೆದುಕೊಂಡು ಮೇಲೇಳುವುದನ್ನು ನೋಡಿ ಸರಸವೆಂದು ಕೈಮುಗಿಯುವವರಿದ್ದಾರೆ. ಅದು ಬಹುತೇಕ ಎರಡು ಗಂಡುಗಳ ಕುಸ್ತಿ.

ಇವೆಲ್ಲ ತಪ್ಪು ತಿಳಿವಳಿಕೆಗಳಾದರೂ ಯಾರ ಪ್ರಾಣವನ್ನೂ ತೆಗೆಯುವಂಥವಲ್ಲ. ಪ್ರಾಣ ತೆಗೆಯುವ ಪ್ರಶ್ನೆ ಬೇರೆ ಇದೆ. ಹಾವಿನ ಕಡಿತಕ್ಕೆ ಆಸ್ಪತ್ರೆಯೊಂದೇ ದಾರಿ ಎಂದು ನಾವು ಹೇಳಿದಾಗಲೆಲ್ಲ ಯಾರಾದರೊಬ್ಬ ಹಿರಿಯರು ಎದ್ದು ಕೇಳುತ್ತಾರೆ: “ನಮ್ಮೂರಾಗ ಮಂತ್ರ ಹಾಕಿಸಿಕೊಂಡವರು ಬದುಕ್ಯಾರಲ್ರೀ, ಅದಕ್ಕೇನಂತೀರಿ?” ಅವರು ಸುಳ್ಳು ಹೇಳುತ್ತಿಲ್ಲ. ತಮ್ಮ ಕಣ್ಣಾರೆ ಕಂಡದ್ದನ್ನೇ ಹೇಳುತ್ತಾರೆ. ಆದ್ದರಿಂದ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸಲ್ಲದು. ಸರಿಯಾದ ಉತ್ತರ ಸಿಗದ ಹಿರಿಯರು ಮುಂದಿನ ಸಲವೂ ಮೊಮ್ಮಗನನ್ನು ಮಂತ್ರವಾದಿಯ ಕಟ್ಟೆಗೇ ಒಯ್ಯುತ್ತಾರೆ.

ಉತ್ತರ ಹಾವಿನ ಲೆಕ್ಕದಲ್ಲಿದೆ. ನಮ್ಮ ದೇಶದಲ್ಲಿ 300ಕ್ಕೂ ಹೆಚ್ಚು ಬಗೆಯ ಹಾವುಗಳಿವೆ. ಅವುಗಳಲ್ಲಿ ವಿಷವುಳ್ಳವು 60ಕ್ಕೆ ಮೇಲ್ಪಟ್ಟು ಮಾತ್ರ. ಮನುಷ್ಯನ ಕಣ್ಣಿಗೆ ಪದೇ ಪದೇ ಬೀಳುವ ಕೇರೆ, ನೀರುಹಾವು, ತೋಳಹಾವು ಇವು ಕಚ್ಚಿದರೆ ಗಾಯವಾದೀತೇ ಹೊರತು ವಿಷವೇರುವುದಿಲ್ಲ. ವಿಷದ ಹಾವೇ ಕಚ್ಚಿದರೂ ಪ್ರತಿ ಸಲ ವಿಷ ಇಳಿಯುತ್ತದೆಂದು ಹೇಳುವಂತಿಲ್ಲ. ವಿಷ ಹಾವಿಗೆ ಬೇಟೆಯ ಸಾಧನ. ತಾನು ನುಂಗಲಾರದ ಮನುಷ್ಯನ ಮೇಲೆ ಅದನ್ನು ವ್ಯಯಿಸದೆ, ಬರಿದೇ ಹಲ್ಲೂರಿ ಬೆದರಿಸಿ ಹೋಗುವುದುಂಟು. ವೈದ್ಯರು ಇದನ್ನು ಒಣಕಡಿತ ಎನ್ನುತ್ತಾರೆ. ಈಗ ಒಂದು ಊಹೆ ಮಾಡಿಕೊಳ್ಳೋಣ. ಮಂತ್ರವಾದಿಯ ಬಳಿಗೆ ಹತ್ತು ಜನ ಬಂದರು. ಆರು ಮಂದಿಯನ್ನು ಕಚ್ಚಿದ್ದು ವಿಷವಿಲ್ಲದ ಹಾವು. ಇಬ್ಬರಿಗೆ ಆದದ್ದು ಒಣಕಡಿತ. ಆ ಎಂಟು ಜನ ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ, ಮನೆಯಲ್ಲಿ ಸುಮ್ಮನೆ ಕುಳಿತಿದ್ದರೂ ಬದುಕುತ್ತಾರೆ. ಬದುಕಿದ ಎಂಟು ಜನ ಊರೂರಿಗೆ ಹೋಗಿ ಮಂತ್ರವಾದಿಯ ಕೀರ್ತಿಯನ್ನು ಹೇಳುತ್ತಾರೆ. ಸತ್ತ ಇಬ್ಬರು ಏನನ್ನೂ ಹೇಳುವುದಿಲ್ಲ. ಅವರ ಮನೆಯವರಿಗೆ ಸಿದ್ಧ ಉತ್ತರವೊಂದು ಸಿಗುತ್ತದೆ: ತಡವಾಗಿ ತಂದಿರಿ, ಮೈಲಿಗೆಯಾಗಿತ್ತು, ಆಯುಷ್ಯ ಮುಗಿದಿತ್ತು. ಹೀಗೆ ಗೆಲುವೆಲ್ಲ ಮಂತ್ರಕ್ಕೆ ಜಮೆಯಾಗುತ್ತದೆ, ಸೋಲೆಲ್ಲ ಹಣೆಬರಹದ ಖಾತೆಗೆ ಹೋಗುತ್ತದೆ.

ಬೇವಿನ ಸೊಪ್ಪು ಕಹಿಯಾಗದಿದ್ದರೆ, ಮೆಣಸಿನಕಾಯಿ ಖಾರವಾಗದಿದ್ದರೆ ವಿಷವೇರಿದೆ ಎಂದು ನಿರ್ಣಯಿಸುವ ಪರೀಕ್ಷೆಗೂ ಆಧಾರವಿಲ್ಲ. ಭಯದಿಂದ ಬಾಯಿ ಒಣಗಿದವನಿಗೆ ಯಾವ ರುಚಿಯೂ ಸರಿಯಾಗಿ ತಿಳಿಯದು. ನಿಜವಾಗಿ ವಿಷವೇರಿದವನಿಗೆ ನುಂಗುವ ಸ್ನಾಯುಗಳೇ ಸೋಲುತ್ತಿರುವಾಗ ಬಾಯಿಗೆ ತುರುಕಿದ ಸೊಪ್ಪು ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ವಿಷ ಹೀರುತ್ತದೆಂದು ಗಾಯಕ್ಕೆ ಅಂಟಿಸುವ ಕಪ್ಪು ಕಲ್ಲಿನ ಮಾತೂ ಇಷ್ಟೇ. ಸಣ್ಣ ರಂಧ್ರಗಳುಳ್ಳ ಆ ವಸ್ತು ಹಸಿ ಗಾಯದ ರಕ್ತಕ್ಕೆ ಅಂಟಿಕೊಳ್ಳುತ್ತದೆ. ಆಳಕ್ಕಿಳಿದ ವಿಷವನ್ನು ಹೊರಗೆಳೆಯಲಾರದು.

ಹಾಗಾದರೆ ವಿಷ ಮೈಯೊಳಗೆ ಮಾಡುವುದೇನು? ನಮ್ಮ ನಾಡಿನಲ್ಲಿ ಹೆಚ್ಚು ಸಾವುಗಳಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರ, ಕೆಲವೆಡೆ ಕಡಂಬಳವೆಂದು ಕರೆಯುವ ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಮೊದಲೆರಡರ ವಿಷ ನರಗಳಿಗೆ ಸಂಬಂಧಿಸಿದ್ದು. ನರವು ಸ್ನಾಯುವಿಗೆ ಆಜ್ಞೆ ಮುಟ್ಟಿಸುವ ಸಂಧಿಸ್ಥಾನದಲ್ಲಿ ವಿಷ ಅಡ್ಡ ನಿಲ್ಲುತ್ತದೆ. ಮೊದಲು ಕಣ್ಣರೆಪ್ಪೆಗಳು ಇಳಿಬೀಳುತ್ತವೆ, ಒಂದು ವಸ್ತು ಎರಡಾಗಿ ಕಾಣುತ್ತದೆ, ಮಾತು ತೊದಲುತ್ತದೆ, ಉಗುಳು ನುಂಗಲಾಗುವುದಿಲ್ಲ, ಕಡೆಗೆ ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ಮಂಡಲಗಳ ವಿಷ ರಕ್ತದ ಮೇಲೆ ಎರಗುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನೆಲ್ಲ ಅದು ಖರ್ಚು ಮಾಡಿಬಿಡುವುದರಿಂದ ಒಸಡು, ಮೂತ್ರ, ಹಳೆಯ ಗಾಯ ಎಲ್ಲಿಂದ ಬೇಕಾದರೂ ರಕ್ತ ಸೋರತೊಡಗುತ್ತದೆ. ಕಚ್ಚಿದ ಜಾಗ ವಿಪರೀತ ಊದಿ ನೋಯುತ್ತದೆ. ಕೊಳಕುಮಂಡಲ ಕಚ್ಚಿದವರಲ್ಲಿ ಮೂತ್ರಪಿಂಡಗಳು ಕೆಡುವುದು ಹೆಚ್ಚು. ಮೈಮೇಲೆ ಸರಪಳಿಯಂಥ ಕಂದು ಮಚ್ಚೆಗಳಿರುವ ಈ ದಪ್ಪ ಹಾವನ್ನು ಹೆಬ್ಬಾವಿನ ಮರಿಯೆಂದು ಕೈಯಲ್ಲಿ ಹಿಡಿದವರೂ ಇದ್ದಾರೆ.

ಈ ನಾಲ್ಕರಲ್ಲಿ ಕಟ್ಟುಹಾವಿನ ಬಗ್ಗೆ ತುಸು ವಿಸ್ತಾರವಾಗಿಯೇ ಹೇಳಬೇಕು. ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳುವಾದ ಬಿಳಿ ಪಟ್ಟಿಗಳು. ಹಗಲಿನಲ್ಲಿ ಮಂಕಾಗಿ ಮುದುಡಿಕೊಂಡಿರುತ್ತದೆ, ರಾತ್ರಿ ಬೇಟೆಗೆ ಹೊರಡುತ್ತದೆ. ಇಲಿ, ಹಲ್ಲಿ, ಬೇರೆ ಹಾವುಗಳನ್ನು ಹುಡುಕುತ್ತ ಮನೆಯೊಳಗೇ ಬರುತ್ತದೆ. ನೆಲದ ಮೇಲೆ ಮಲಗಿದವರು ಹೊರಳಿದಾಗ ಕಚ್ಚುತ್ತದೆ. ಅದರ ಹಲ್ಲುಗಳು ಎಷ್ಟು ಚಿಕ್ಕವೆಂದರೆ ನೋವು ಸೊಳ್ಳೆ ಕಚ್ಚಿದಷ್ಟೂ ಇರದು. ಊತವೂ ಇಲ್ಲ, ಅನೇಕ ಸಲ ಗಾಯದ ಗುರುತೂ ಕಾಣದು. ಮಲಗಿದ್ದವರು ಎಚ್ಚರವಾಗದೆಯೂ ಇರಬಹುದು. ಬೆಳಗಿನ ಜಾವ ಹೊಟ್ಟೆನೋವೆಂದು, ಗಂಟಲು ಬಿಗಿಯುತ್ತಿದೆಯೆಂದು ಏಳುತ್ತಾರೆ. ಮನೆಯವರು ಅಜೀರ್ಣವಿರಬೇಕೆಂದು ಅಜವಾನದ ನೀರು ಕುಡಿಸುತ್ತಾರೆ. ಮಗುವಾದರೆ ಶಾಲೆ ತಪ್ಪಿಸುವ ನೆಪವೆಂದು ಗದರಿಸುವುದೂ ಉಂಟು. ಬೆಳಕು ಹರಿಯುವಷ್ಟರಲ್ಲಿ ರೆಪ್ಪೆ ಎತ್ತಲಾಗುವುದಿಲ್ಲ. ಮಳೆಗಾಲದ ದಿನಗಳಲ್ಲಿ ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಕಾರಣವಿಲ್ಲದ ಹೊಟ್ಟೆನೋವಿನೊಂದಿಗೆ ಎದ್ದು, ಕಣ್ಣರೆಪ್ಪೆ ಭಾರವಾಗುತ್ತಿದೆಯೆಂದರೆ, ಹಾವು ಕಂಡಿರಲಿ ಬಿಡಲಿ, ಗಾಯವಿರಲಿ ಇಲ್ಲದಿರಲಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ಸತ್ತವನು ಮಂತ್ರದಿಂದ ಎದ್ದು ಕುಳಿತನೆಂಬ ಕಥೆಗಳ ಹಿಂದೆಯೂ ಈ ಬಗೆಯ ವಿಷದ ವಿಚಿತ್ರ ಗುಣವಿದ್ದೀತೆಂದು ನಮಗೆ ತೋರುತ್ತದೆ. ನರವಿಷ ಏರಿದವನು ಕೈಕಾಲು ಅಲ್ಲಾಡಿಸಲಾರ, ಕಣ್ಣು ತೆರೆಯಲಾರ, ಕರೆದರೆ ಓಗೊಡಲಾರ. ನೋಡಿದವರಿಗೆ ಹೆಣದಂತೆಯೇ ಕಾಣುತ್ತಾನೆ. ಆದರೆ ಅವನ ಪ್ರಜ್ಞೆ ಉಳಿದಿರಬಹುದು, ಸುತ್ತಲಿನವರ ಅಳು ಅವನಿಗೆ ಕೇಳಿಸುತ್ತಿರಬಹುದು. ಅಂಥವನಿಗೆ ಕೃತಕ ಉಸಿರಾಟದ ಯಂತ್ರ ಅಳವಡಿಸಿದರೆ ಕೆಲವು ದಿನಗಳಲ್ಲಿ ಮೊದಲಿನಂತಾಗುತ್ತಾನೆ. ಕಟ್ಟುಹಾವಿನ ವಿಷ ನರದ ತುದಿಗಳನ್ನೇ ಹಾಳುಮಾಡುವುದರಿಂದ ಅವು ಮತ್ತೆ ಚಿಗುರುವವರೆಗೆ ಯಂತ್ರ ಅವನ ಪರವಾಗಿ ಉಸಿರಾಡಬೇಕಾಗುತ್ತದೆ.

ಪ್ರತಿವಿಷದ ಕಥೆ ಸ್ವಾರಸ್ಯಕರವಾದದ್ದು. 1890ರ ದಶಕದಲ್ಲಿ ಫ್ರಾನ್ಸಿನ ಆಲ್ಬರ್ಟ್ ಕಾಲ್ಮೆಟ್ ಎಂಬ ವೈದ್ಯ ನಾಗರದ ವಿಷಕ್ಕೆ ಮೊದಲ ಪ್ರತಿವಿಷವನ್ನು ಸಿದ್ಧಪಡಿಸಿದ. ಹುಟ್ಟಿದ ಕೂಸಿಗೆ ಕ್ಷಯದ ವಿರುದ್ಧ ಹಾಕಿಸುವ ಬಿಸಿಜಿ ಲಸಿಕೆಯ ನಡುವಿನ ‘ಸಿ’ ಅಕ್ಷರ ಇದೇ ಕಾಲ್ಮೆಟ್‌ನ ಹೆಸರಿನದು. ಈಗಲೂ ವಿಧಾನ ಹೆಚ್ಚು ಕಡಿಮೆ ಅದೇ. ಚೆನ್ನೈ ಸಮೀಪದ ವಡನೆಮ್ಮೇಲಿಯಲ್ಲಿ ಇರುಳರೆಂಬ ಬುಡಕಟ್ಟಿನ ಜನ 1978ರಲ್ಲಿ ಸ್ಥಾಪಿಸಿಕೊಂಡ ಸಹಕಾರ ಸಂಘವಿದೆ. ಹಿಂದೆ ಹಾವಿನ ಚರ್ಮ ಮಾರಿ ಬದುಕುತ್ತಿದ್ದ ಅವರು ಇಂದು ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆ ವಿಷವನ್ನು ಔಷಧ ತಯಾರಕರು ಬಹು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ ಕ್ರಮೇಣ ಹೆಚ್ಚಿಸುತ್ತ ಹೋಗುತ್ತಾರೆ. ಕುದುರೆಯ ದೇಹ ವಿಷವನ್ನು ಹಿಡಿದು ಕಟ್ಟುವ ಪ್ರತಿಕಾಯಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಅದರ ರಕ್ತದಿಂದ ಅವನ್ನು ಬೇರ್ಪಡಿಸಿ, ಶುದ್ಧಗೊಳಿಸಿ ಸೀಸೆಗಳಲ್ಲಿ ತುಂಬುತ್ತಾರೆ. ಮೇಲೆ ಹೇಳಿದ ನಾಲ್ಕೂ ಹಾವುಗಳಿಗೆ ಒಂದೇ ಔಷಧ. ಆದ್ದರಿಂದ ಹಾವನ್ನು ಹೊಡೆದು ಚೀಲದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತರುವ ಅವಶ್ಯಕತೆಯಿಲ್ಲ. ಕತ್ತರಿಸಿದ ತಲೆಯೂ ಕೆಲಹೊತ್ತು ಕಚ್ಚಬಲ್ಲದು ಎಂಬುದು ನೆನಪಿರಲಿ.

“ಕೂಸಿಗೆ ದೊಡ್ಡವರಷ್ಟೇ ಔಷಧ ಯಾಕ ಕೊಡ್ತಾರ?” ಎಂದು ಗಾಬರಿಯಾಗುವ ತಾಯಂದಿರಿದ್ದಾರೆ. ಹಾವು ಕಚ್ಚುವಾಗ ಕೂಸೆಂದು ಕಡಿಮೆ ವಿಷ ಇಳಿಸುವುದಿಲ್ಲ. ಕಟ್ಟಿಹಾಕಬೇಕಾದ ವಿಷ ಅಷ್ಟೇ ಇರುವಾಗ ಔಷಧವೂ ಅಷ್ಟೇ ಬೇಕು. ಸಾಮಾನ್ಯವಾಗಿ ಮೊದಲಿಗೇ ಎಂಟರಿಂದ ಹತ್ತು ಸೀಸೆಗಳನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕುದುರೆಯ ರಕ್ತದಿಂದ ಬಂದ ಔಷಧವಾದ್ದರಿಂದ ಕೆಲವರಿಗೆ ಮೈ ತುರಿಕೆ, ನಡುಕ, ರಕ್ತದೊತ್ತಡದ ಕುಸಿತ ಆಗುವುದುಂಟು. ವೈದ್ಯರು ಅದಕ್ಕೆ ಬೇಕಾದ ಮದ್ದನ್ನು ಪಕ್ಕದಲ್ಲೇ ಇಟ್ಟುಕೊಂಡಿರುತ್ತಾರೆ. ಮನೆಗೆ ಕರೆಸಿ ಚುಚ್ಚಿಸಿಕೊಳ್ಳುವ ಔಷಧ ಇದಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದು ಗಾಜಿನ ನಳಿಕೆಯಲ್ಲಿಟ್ಟು ಸುಮ್ಮನೆ ಕೂಡ್ರುತ್ತಾರೆ, ಔಷಧ ಕೊಡುವುದಿಲ್ಲ ಎಂಬ ದೂರನ್ನೂ ಕೇಳಿದ್ದೇವೆ. ಸುಮ್ಮನೆ ಕೂಡ್ರುವುದೇ ಆ ಪರೀಕ್ಷೆ. ಒಣಗಿದ ಶುಚಿಯಾದ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತವನ್ನು 20 ನಿಮಿಷ ಅಲುಗಿಸದೆ ಇಟ್ಟು ಆಮೇಲೆ ಓರೆ ಮಾಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಏರಿದೆಯೆಂದು ಅರ್ಥ. ಹೆಪ್ಪುಗಟ್ಟಿದರೂ ಒಂದು ಹಗಲು ಒಂದು ರಾತ್ರಿ ಆಸ್ಪತ್ರೆಯಲ್ಲಿ ಇರಿಸಿಕೊಂಡು ಕಣ್ಣರೆಪ್ಪೆ, ಉಸಿರು, ಮೂತ್ರ ಇವುಗಳನ್ನು ನೋಡುತ್ತಿರುತ್ತಾರೆ. “ಏನೂ ಆಗಿಲ್ಲ” ಎಂದು ಅರ್ಧಕ್ಕೇ ಎಬ್ಬಿಸಿಕೊಂಡು ಬರಬಾರದು.

ಪ್ರತಿವಿಷಕ್ಕೊಂದು ಮಿತಿಯಿದೆ. ರಕ್ತದಲ್ಲಿ ತಿರುಗುತ್ತಿರುವ ವಿಷವನ್ನಷ್ಟೇ ಅದು ಹಿಡಿಯಬಲ್ಲದು. ಆಗಿಹೋದ ಹಾನಿಯನ್ನು ಹಿಂದಕ್ಕೆ ತಿರುಗಿಸಲಾರದು. ಮಂತ್ರವಾದಿಯ ಕಟ್ಟೆಯ ಮೇಲೆ ಕಳೆದ ಎರಡು ತಾಸಿನ ಬೆಲೆ ಇದು. ಈ ಪುಟಗಳಲ್ಲಿ ನೆಗಡಿ ಕೆಮ್ಮುಗಳಿಗೆ ಶುಂಠಿ ತುಳಸಿಯ ಕಷಾಯವನ್ನು ಬರೆದವರೇ ನಾವು, ಬೇರು ನಾರುಗಳ ಬಗ್ಗೆ ನಮಗೆ ಅನಾದರವಿಲ್ಲ. ಆದರೆ ಹಾವಿನ ವಿಷಕ್ಕೆ ಬೇರು ಅರೆಯುತ್ತ ಕೂಡ್ರಲು ಸಮಯವಿಲ್ಲ. ಮಠಗಳ ಅಂಗಳದಲ್ಲಿ, ಗುಡಿಗಳ ಮುಂದೆ ಕಚ್ಚಿಸಿಕೊಂಡವರನ್ನು ತಂದು ಮಲಗಿಸುವ ವಾಡಿಕೆ ಅಲ್ಲಲ್ಲಿ ಇನ್ನೂ ಇದೆ. ಮಠದ ಪತ್ರಿಕೆಯಲ್ಲಿಯೇ ಇದನ್ನು ಸ್ಪಷ್ಟವಾಗಿ ಬರೆಯಬೇಕೆಂದು ನಮಗೆ ಅನಿಸಿತು: ಗದ್ದುಗೆಯ ದರ್ಶನಕ್ಕೆ ಗುಣವಾದ ಮೇಲೆ ಬನ್ನಿ. ಷಡಕ್ಷರಿ ಮಂತ್ರವನ್ನು ಆಸ್ಪತ್ರೆಗೆ ಹೋಗುವ ಗಾಡಿಯಲ್ಲಿ ಕುಳಿತೇ ಜಪಿಸಬಹುದು, ಹಣೆಯ ವಿಭೂತಿ ಅಲ್ಲಿಗೂ ಜೊತೆಯಲ್ಲಿ ಬರುತ್ತದೆ.

ಹೊರಡುವ ಮುನ್ನ ಮಾಡಬೇಕಾದದ್ದು ಸ್ವಲ್ಪವೇ. ಕಚ್ಚಿಸಿಕೊಂಡವರನ್ನು ನಡೆಸಬಾರದು, ಓಡಿಸಬಾರದು. ಸ್ನಾಯುಗಳು ಆಡಿದಷ್ಟೂ ವಿಷ ಬೇಗ ಹರಡುತ್ತದೆ. ಮುರಿದ ಎಲುಬಿಗೆ ದಬ್ಬೆ ಕಟ್ಟುವಂತೆ ಕೈ ಅಥವಾ ಕಾಲಿಗೆ ಸಡಿಲವಾಗಿ ದಬ್ಬೆ ಕಟ್ಟಬೇಕು. ಬಳೆ, ಉಂಗುರ, ಕಾಲುಂಗುರ, ಕಡಗಗಳನ್ನು ತೆಗೆಯಬೇಕು. ಊತ ಬಂದ ಮೇಲೆ ಅವೇ ಉರುಳಾಗುತ್ತವೆ. ಹಗ್ಗದಿಂದ ಬಿಗಿದು ಕಟ್ಟುವುದು ನಮ್ಮ ಜನರಲ್ಲಿ ಬೇರೂರಿದ ತಪ್ಪು. ರಕ್ತವೇ ಹರಿಯದ ಅಂಗ ಕೊಳೆಯುತ್ತದೆ. ಮಂಡಲದ ವಿಷ ಒಂದೇ ಕಡೆ ನಿಂತು ಮಾಂಸವನ್ನು ಸುಡುತ್ತದೆ. ಕಟ್ಟು ಬಿಚ್ಚಿದೊಡನೆ ತಡೆದು ನಿಂತ ವಿಷ ಒಮ್ಮೆಲೇ ಮೈಗೆ ನುಗ್ಗುತ್ತದೆ. ಪ್ರಾಣ ಉಳಿದೂ ಕಾಲು ಕಳೆದುಕೊಂಡ ರೈತರಿದ್ದಾರೆ. ಗಾಯವನ್ನು ಬ್ಲೇಡಿನಿಂದ ಕೊಯ್ದರೆ, ಹೆಪ್ಪುಗಟ್ಟದ ರಕ್ತವನ್ನು ನಿಲ್ಲಿಸುವುದೇ ಕಷ್ಟ. ಬಾಯಿಂದ ಹೀರುವುದು ಸಿನಿಮಾದಲ್ಲಿ ಚೆಂದ. 108ಕ್ಕೆ ಕರೆಮಾಡಿ, ಅದು ಬರಲು ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲಿ ಹೊರಡಬೇಕು. ಮೋಟಾರ್ ಸೈಕಲ್ಲಾದರೆ ಇಬ್ಬರ ನಡುವೆ ಕೂರಿಸಿಕೊಳ್ಳಬೇಕು. ವಾಂತಿಯಾಗುತ್ತಿದ್ದರೆ ಎಡ ಮಗ್ಗುಲಿಗೆ ಮಲಗಿಸಬೇಕು. ಕಚ್ಚಿದ ಹೊತ್ತು ಎಷ್ಟೆಂದು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಬೇಕು.

ಕರ್ನಾಟಕ ಸರ್ಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿತು. ಒಬ್ಬರಿಂದೊಬ್ಬರಿಗೆ ಅಂಟದ ಹಾವಿನ ಕಡಿತಕ್ಕೆ ಸಾಂಕ್ರಾಮಿಕ ರೋಗಗಳ ಕಾಯ್ದೆ ಏಕೆಂದು ಕೆಲವರು ನಕ್ಕರು. ಲೆಕ್ಕವೇ ಇಲ್ಲದ ಸಾವಿಗೆ ಔಷಧವನ್ನು ಎಲ್ಲಿಗೆ, ಎಷ್ಟು ಕಳುಹಿಸಬೇಕೆಂದು ತಿಳಿಯುವುದು ಹೇಗೆ? ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತಿವಿಷ ಉಚಿತ. ಆದರೂ ನಿಮ್ಮ ಊರಿಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಇದೆಯೇ, ಇಲ್ಲದಿದ್ದರೆ ಎಲ್ಲಿದೆ, ಉಸಿರಾಟದ ಯಂತ್ರವಿರುವ ಆಸ್ಪತ್ರೆ ಎಷ್ಟು ದೂರ ಎಂಬುದನ್ನು ಈ ವಾರವೇ ಹೋಗಿ ವಿಚಾರಿಸಿಕೊಂಡು ಬನ್ನಿ. ನಡುರಾತ್ರಿ ಕರೆದರೆ ಬರುವ ಗಾಡಿಯವರ ಫೋನ್ ನಂಬರನ್ನು ಪಡಸಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆಯಿರಿ.

ರಾತ್ರಿ ಮಂಚದ ಮೇಲೆ ಮಲಗಿ. ಮಂಚವಿಲ್ಲದವರು ಸೊಳ್ಳೆಪರದೆ ಕಟ್ಟಿ ಅದರ ಅಂಚನ್ನು ಹಾಸಿಗೆಯ ಕೆಳಗೆ ಸುತ್ತಲೂ ಸಿಕ್ಕಿಸಿಕೊಳ್ಳಿ. ಕಟ್ಟಿಗೆ, ಕುಳ್ಳು, ಕಾಳಿನ ಚೀಲಗಳನ್ನು ಮಲಗುವ ಜಾಗದಿಂದ ದೂರವಿಡಿ. ಇಲಿ ಇದ್ದಲ್ಲಿಗೆ ಹಾವು ಬರುತ್ತದೆ. ಹೊಲಕ್ಕೆ ನೀರು ಹಾಯಿಸಲು ನಡುರಾತ್ರಿ ಹೋಗುವವರು ಗಂಬೂಟು ಹಾಕಿಕೊಳ್ಳಿ, ಬ್ಯಾಟರಿ ಒಯ್ಯಿರಿ. ಬಯಲಿಗೆ ಹೋಗುವ ಹೆಣ್ಣುಮಕ್ಕಳ ಕೈಯಲ್ಲೂ ಬ್ಯಾಟರಿ ಇರಲಿ. ಪಂಚಮಿಗೆ ತವರಿಗೆ ಬಂದ ಮಗಳಿಗೆ ಸೀರೆಯ ಜೊತೆಗೆ ಅದನ್ನೂ ಒಂದು ಕೊಟ್ಟು ಕಳುಹಿಸಬಹುದು.